ತೂಕಕ್ಕೆ ಕೊಂಡರೆ ನೀರು, ಅಳತೆಗೆ ಕೊಂಡರೆ ಗಾಳಿ

ಸೌದೆ ಮಾರುವವರನ್ನು "ಒಣಗಿದೆಯಾ?" ಎಂದು ಕೇಳಿದಾಗ "ಇಲ್ಲ" ಎನ್ನುವ ಉತ್ತರ ಬಂದದ್ದನ್ನು ನಾನಂತೂ ಕಂಡಿಲ್ಲ. ಹಾಗಂತ ಅವರು ಸುಳ್ಳು ಹೇಳುತ್ತಾರೆ ಎಂದೇನಲ್ಲ. ಮರ ಕಡಿದು ವರ್ಷವಾಗಿರುತ್ತದೆ, ದಿಮ್ಮಿ ಕಡಿದಲ್ಲೇ ಬಿದ್ದಿರುತ್ತದೆ, ತೊಗಟೆ ಬಿರುಕು ಬಿಟ್ಟು ಬೂದು ಬಣ್ಣಕ್ಕೆ ತಿರುಗಿರುತ್ತದೆ. ನೋಡಿದ ಯಾರಿಗಾದರೂ ಒಣಗಿದೆ ಅನ್ನಿಸುತ್ತದೆ. ಆದರೆ ಇಡೀ ದಿಮ್ಮಿಯಾಗಿ ಬಿದ್ದಿದ್ದ ಮರದ ವಿಷಯದಲ್ಲಿ ಆ ವರ್ಷ ಹೆಚ್ಚುಕಡಿಮೆ ಲೆಕ್ಕಕ್ಕಿಲ್ಲ. ತುಂಡು ಮಾಡಿ ಸೀಳಿದ ದಿನದಿಂದ ಅದು ನಿಜವಾಗಿ ಒಣಗಲು ಶುರು. ಹಾಗಾಗಿ ನಾನು ಕೇಳುವ ಪ್ರಶ್ನೆಯೇ ಬೇರೆ: "ಸೀಳಿ ಎಷ್ಟು ತಿಂಗಳಾಯ್ತು? ಸೀಳಿದ ಮೇಲೆ ಎಲ್ಲಿ ಇಟ್ಟಿದ್ರಿ?" ಇದಕ್ಕೆ ಸಿಗುವ ಉತ್ತರವೂ ಕೆಲಸಕ್ಕೆ ಬರುತ್ತದೆ, ಉತ್ತರಕ್ಕೆ ಮುಂಚಿನ ತಡವರಿಕೆಯೂ ಕೆಲಸಕ್ಕೆ ಬರುತ್ತದೆ.

ಚಳಿಗಾಲ ಪೂರ್ತಿ ಮನೆ ಬೆಚ್ಚಗಿಡಲು ಸೌದೆ ಒಲೆಯನ್ನೇ ನೆಚ್ಚಿಕೊಂಡವರಿಗೆ ಈ ವ್ಯಾಪಾರದ ವಿಚಿತ್ರ ಬೇಗ ಅರ್ಥವಾಗುತ್ತದೆ. ಬೇರೆ ಸರಕಾದರೆ ತಕ್ಕಡಿ ಸರಿಯಿದ್ದರೆ ಸಾಕು, ಇಲ್ಲವೇ ಕೊಳಗ ಸರಿಯಿದ್ದರೆ ಸಾಕು. ಸೌದೆಯಲ್ಲಿ ಎರಡೂ ಕೈಕೊಡುತ್ತವೆ. ತೂಕಕ್ಕೆ ಕೊಂಡರೆ ನೀರಿಗೆ ದುಡ್ಡು ಕೊಟ್ಟಿರುತ್ತೇವೆ, ಅಳತೆಗೆ ಕೊಂಡರೆ ಗಾಳಿಗೆ. ಎರಡನ್ನೂ ಕಳೆದು ಮಿಕ್ಕಿದ್ದು ಮಾತ್ರ ಒಲೆಯಲ್ಲಿ ಉರಿಯುವುದು.

ಮೊದಲು ನೀರು. ಆಗತಾನೇ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧ ನೀರೇ. ಜಾತಿಯ ಮೇಲೆ ಹೆಚ್ಚುಕಡಿಮೆ ಇದೆ: ಆಶ್ ಮರದಲ್ಲಿ ಮೂರನೇ ಒಂದು ಪಾಲಿನ ಆಸುಪಾಸು, ಪಾಪ್ಲರ್‌ನಂಥ ಮೆದು ಮರಗಳಲ್ಲಿ ಅರ್ಧಕ್ಕಿಂತ ಜಾಸ್ತಿ. ಅರ್ಧ ಎಂದೇ ಹಿಡಿಯೋಣ. 1000 ಕಿಲೋ ಹಸಿ ಸೌದೆ ತಂದರೆ ಅದರಲ್ಲಿ 500 ಕಿಲೋ ಮರ, 500 ಕಿಲೋ ನೀರು. ಒಲೆಗೆ ಹಾಕಲು ಯೋಗ್ಯವಾಗುವ ಮಟ್ಟಕ್ಕೆ, ಅಂದರೆ ನೀರಿನಂಶ ಶೇ. 20ಕ್ಕೆ ಇಳಿಯುವಷ್ಟು ಒಣಗಿಸಿದರೆ ಅದೇ ರಾಶಿ 625 ಕಿಲೋ ತೂಗುತ್ತದೆ. ಉಳಿದ 375 ಕಿಲೋ ಗಾಳಿಗೆ ಹೋಯಿತು. ಅದಕ್ಕೂ ದುಡ್ಡು ಕೊಟ್ಟಿದ್ದೆವು, ಸಾಗಿಸಿದ ಬಾಡಿಗೆಯನ್ನೂ ಕೊಟ್ಟಿದ್ದೆವು.

ಈ ನೀರು ಒಲೆಯೊಳಗೆ ಏನು ಮಾಡುತ್ತದೆ ಎಂಬುದರ ಬಗ್ಗೆ ಒಂದು ಅರ್ಧ ಸತ್ಯ ಎಲ್ಲ ಕಡೆ ಓಡಾಡುತ್ತದೆ: ಹಸಿ ಸೌದೆ ಹಾಕಿದರೆ ಶಾಖವೆಲ್ಲ ನೀರು ಕುದಿಸುವುದರಲ್ಲೇ ಮುಗಿದುಹೋಗುತ್ತದೆ ಎಂದು. ಲೆಕ್ಕ ಹಾಕಿದರೆ ಹಾಗೆ ಬರುವುದಿಲ್ಲ. ಒಂದು ಕಿಲೋ ನೀರನ್ನು ಕಾಯಿಸಿ ಆವಿ ಮಾಡಲು ಸುಮಾರು 2.6 ಮೆಗಾಜೂಲ್ ಶಾಖ ಬೇಕು. ಪೂರ್ತಿ ಒಣಗಿದ ಒಂದು ಕಿಲೋ ಮರ ಉರಿದರೆ 18ರಿಂದ 19 ಮೆಗಾಜೂಲ್ ಸಿಗುತ್ತದೆ. ಅರ್ಧಕ್ಕರ್ಧ ನೀರಿರುವ ಸೌದೆಯಲ್ಲೂ ನೀರು ತಿನ್ನುವುದು ಶಾಖದ ಏಳನೇ ಒಂದು ಪಾಲು. ಕಡಿಮೆಯೇನಲ್ಲ, ಆದರೆ ಹಸಿ ಸೌದೆ ಹಾಕಿದ ಮನೆ ಅಷ್ಟೊಂದು ತಣ್ಣಗಿರುವುದಕ್ಕೆ ಅದೊಂದೇ ಕಾರಣವಾಗಲಾರದು.

ದೊಡ್ಡ ನಷ್ಟ ಇರುವುದು ಹೊಗೆಯಲ್ಲಿ. ಮರ ಉರಿಯುತ್ತದೆ ಅನ್ನುತ್ತೇವೆ, ನಿಜಕ್ಕೂ ಜ್ವಾಲೆಯಾಗಿ ಉರಿಯುವುದು ಕಾದ ಮರದಿಂದ ಹೊರಡುವ ಅನಿಲಗಳು. ಸೌದೆಯ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅವುಗಳದ್ದೇ, ಮಿಕ್ಕಿದ್ದು ಕೆಂಡದ್ದು. ಈ ಅನಿಲಗಳು ಪೂರ್ತಿ ಉರಿಯಬೇಕಾದರೆ ಒಲೆಯೊಳಗೆ 600 ಡಿಗ್ರಿ ಸೆಲ್ಸಿಯಸ್ ಹತ್ತಿರದ ಕಾವು ಬೇಕು, ಸಾಕಷ್ಟು ಗಾಳಿಯೂ ಬೇಕು. ನೀರು ಆವಿಯಾಗುತ್ತಿರುವಷ್ಟು ಹೊತ್ತು ಕಾವು ಅಲ್ಲಿಗೆ ಏರುವುದಿಲ್ಲ. ಅನಿಲಗಳು ಉರಿಯದೆ ಹಾಗೆಯೇ ಚಿಮಣಿ ಹತ್ತುತ್ತವೆ, ಮೇಲೆ ತಣ್ಣಗಿರುವ ಕಡೆ ಗೋಡೆಗೆ ಅಂಟಿಕೊಳ್ಳುತ್ತವೆ. ಕಪ್ಪಗೆ, ಜಿಗುಟಾಗಿ, ಆಮೇಲೆ ಗಾಜಿನ ಹಾಗೆ ಗಟ್ಟಿಯಾಗಿ ಕೂರುವ ಆ ಪದರಕ್ಕೆ ಕ್ರಿಯೋಸೋಟ್ ಎನ್ನುತ್ತಾರೆ. ನಾವು ದುಡ್ಡು ಕೊಟ್ಟು ತಂದ ಇಂಧನವೇ ಅದು, ಬೇಡದ ಜಾಗದಲ್ಲಿ ಕೂತಿದೆ ಅಷ್ಟೇ. ಒಂದು ದಿನ ಒಲೆ ಜೋರಾಗಿ ಉರಿದಾಗ ಅದಕ್ಕೂ ಬೆಂಕಿ ಹತ್ತಬಹುದು. ಚಿಮಣಿಯೊಳಗಿನ ಅಂಥ ಬೆಂಕಿ 1000 ಡಿಗ್ರಿ ದಾಟುತ್ತದೆ, ಹೆಂಚಿನ ಕೊಳವೆಯನ್ನು ಸೀಳುತ್ತದೆ, ಮಾಡಿಗೆ ದಾಟುತ್ತದೆ.

ಹಸಿ ಸೌದೆಯನ್ನು ಗುರುತಿಸಲು ಅದು ಉರಿಯುವುದನ್ನು ಒಮ್ಮೆ ಗಮನವಿಟ್ಟು ನೋಡಿದರೆ ಸಾಕು. ಕೆಂಡದ ಮೇಲಿಟ್ಟ ತುಂಡಿನ ಕತ್ತರಿಸಿದ ತುದಿ ಮೊದಲು ಕಪ್ಪಗೆ ಒದ್ದೆಯಾಗುತ್ತದೆ. ಆಮೇಲೆ ಸಣ್ಣ ಸಣ್ಣ ರಂಧ್ರಗಳಲ್ಲಿ ನೊರೆ ಉಕ್ಕುತ್ತದೆ, ಸುಂಯ್ ಅನ್ನುವ ಸದ್ದು ಬರುತ್ತದೆ. ಜ್ವಾಲೆ ಆ ತುಂಡನ್ನು ಮುಟ್ಟಿಯೂ ಮುಟ್ಟದಂತೆ ಅದರ ಸುತ್ತ ಸುಳಿಯುತ್ತದೆ. ಒಲೆಯ ಬಾಗಿಲಿನ ಗಾಜು ಅರ್ಧ ಗಂಟೆಯಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ಆದರೆ ಇದು ಕೊಂಡ ಮೇಲಿನ ಪರೀಕ್ಷೆ. ಕೊಳ್ಳುವ ಮುಂಚೆ ಎರಡು ತುಂಡು ತೆಗೆದುಕೊಂಡು ಒಂದಕ್ಕೊಂದು ಬಡಿದು ನೋಡಬಹುದು: ಒಣಗಿದ್ದರೆ ಟಣ್ ಎನ್ನುತ್ತದೆ, ಹಸಿಯಾದರೆ ದಬ್ ಎನ್ನುತ್ತದೆ. ತುದಿಯಲ್ಲಿ ನಡುವಿನಿಂದ ಹೊರಕ್ಕೆ ಚಾಚಿದ ಬಿರುಕುಗಳು ಒಳ್ಳೆಯ ಗುರುತು, ಆದರೆ ಅದನ್ನೇ ನಂಬಿ ಕೂರಬಾರದು. ತುದಿ ಬಿರುಕು ಬಿಟ್ಟ ತುಂಡಿನ ಹೊಟ್ಟೆ ಹಸಿಯಾಗಿಯೇ ಇರಬಹುದು.

ಇದಕ್ಕೆ ತೇವಾಂಶ ಮೀಟರು ಎನ್ನುವ ಸಣ್ಣ ಸಾಧನ ಸಿಗುತ್ತದೆ, ಎರಡು ಮೊನೆಗಳಿರುವಂಥದ್ದು. ಬಹಳ ಜನ ಅದನ್ನು ತುಂಡಿನ ಹೊರಮೈಗೆ ಚುಚ್ಚಿ, ಬಂದ ಸಂಖ್ಯೆ ನೋಡಿ ಸಮಾಧಾನಪಟ್ಟುಕೊಳ್ಳುತ್ತಾರೆ. ಹೊರಮೈ ಯಾವತ್ತೂ ಒಣಗಿಯೇ ಇರುತ್ತದೆ. ರಾಶಿಯ ಒಳಗಿನಿಂದ ಒಂದು ದಪ್ಪ ತುಂಡು ಎಳೆದು, ಅಲ್ಲೇ ಎರಡಾಗಿ ಸೀಳಿ, ಹೊಸದಾಗಿ ತೆರೆದ ಮುಖದ ನಟ್ಟನಡುವೆ, ಮರದ ನಾರಿನ ಎಳೆಗಳ ಉದ್ದಕ್ಕೆ ಮೊನೆ ಚುಚ್ಚಬೇಕು. ಮಾರುವವರು ಸೀಳಲು ಬಿಡದಿದ್ದರೆ ಅಲ್ಲಿಗೆ ಉತ್ತರ ಸಿಕ್ಕಿತು. ಇನ್ನೊಂದು ಸಂಗತಿ: ಮರಗೆಲಸದವರಿಗೆಂದು ಮಾಡಿದ ಮೀಟರುಗಳು ನೀರನ್ನು ಒಣ ಮರದ ತೂಕಕ್ಕೆ ಹೋಲಿಸಿ ಹೇಳುತ್ತವೆ, ಒಟ್ಟು ತೂಕಕ್ಕಲ್ಲ. ಅಂಥ ಮೀಟರಿನಲ್ಲಿ 25 ಕಂಡರೆ ಒಟ್ಟು ತೂಕದ ಲೆಕ್ಕದಲ್ಲಿ ಅದು ಶೇ. 20. ಅರ್ಧಕ್ಕರ್ಧ ನೀರಿರುವ ಸೌದೆ ಒಣ ತೂಕದ ಲೆಕ್ಕದಲ್ಲಿ ಶೇ. 100 ಆಗುತ್ತದೆ. ಇಬ್ಬರು ಬೇರೆ ಬೇರೆ ಲೆಕ್ಕ ಹಿಡಿದುಕೊಂಡು ಒಂದೇ ರಾಶಿಯ ಮುಂದೆ ನಿಂತು ಜಗಳವಾಡಬಹುದು, ಇಬ್ಬರೂ ಸರಿಯೇ ಇರಬಹುದು. ಹಿಮಗಟ್ಟಿದ ತುಂಡಿಗೆ ಚುಚ್ಚಿದರೆ ಮೀಟರು ಸರಿಯಾಗಿ ಹೇಳುವುದಿಲ್ಲ, ಮನೆಯೊಳಗೆ ತಂದು ಹದಕ್ಕೆ ಬಂದ ಮೇಲೆ ನೋಡಬೇಕು.

ಇಂಗ್ಲೆಂಡಿನಲ್ಲಿ ಇದಕ್ಕೆ ಕಾನೂನೇ ಬಂದಿದೆ. 2021ರ ಮೇ 1ರಿಂದ ಅಲ್ಲಿ 2 ಘನ ಮೀಟರಿಗಿಂತ ಕಡಿಮೆ ಪ್ರಮಾಣದಲ್ಲಿ ಮಾರುವ ಸೌದೆಯ ತೇವಾಂಶ ಶೇ. 20 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಅದಕ್ಕಿಂತ ದೊಡ್ಡ ಲೋಡು ಹಸಿಯಾಗಿದ್ದರೂ ಮಾರಬಹುದು, ಒಣಗಿಸುವುದು ಹೇಗೆ ಎಂಬ ತಿಳಿವಳಿಕೆ ಚೀಟಿ ಜೊತೆಗೆ ಕೊಡಬೇಕು. ನನಗೆ ಇದು ವಿವೇಕದ ಕಾನೂನು ಅನ್ನಿಸುತ್ತದೆ. ಒಂದು ಚೀಲ ಕೊಳ್ಳುವವರು ಇವತ್ತೇ ಉರಿಸಲು ಕೊಳ್ಳುತ್ತಾರೆ. ಲೋಡುಗಟ್ಟಲೆ ಕೊಳ್ಳುವವರಿಗೆ ಇಡಲು ಜಾಗವಿರುತ್ತದೆ ಎಂದು ನಂಬಬಹುದು.

ಇನ್ನು ಗಾಳಿಯ ಮಾತು. ಅಮೆರಿಕ, ಕೆನಡಾಗಳಲ್ಲಿ ಸೌದೆಯನ್ನು ಕಾರ್ಡ್ ಲೆಕ್ಕದಲ್ಲಿ ಮಾರುತ್ತಾರೆ. 4 ಅಡಿ ಎತ್ತರ, 4 ಅಡಿ ಅಗಲ, 8 ಅಡಿ ಉದ್ದ ಒಟ್ಟಿದ ಸೌದೆ ಒಂದು ಕಾರ್ಡ್, ಅಂದರೆ 128 ಘನ ಅಡಿ. ಇದರಲ್ಲಿ ಗಟ್ಟಿ ಮರ 80ರಿಂದ 90 ಘನ ಅಡಿ ಇದ್ದರೆ ಒಳ್ಳೆಯ ಒಟ್ಟಣೆ, ಮಿಕ್ಕಿದ್ದು ಸಂದು. ಇದರ ಪಕ್ಕದಲ್ಲೇ ಫೇಸ್ ಕಾರ್ಡ್ ಎಂಬ ಇನ್ನೊಂದಿದೆ. ಮುಂದಿನಿಂದ ನೋಡಿದರೆ ಅದೇ 4 ಅಡಿ, ಅದೇ 8 ಅಡಿ, ಆದರೆ ಆಳ ಒಂದೇ ತುಂಡಿನಷ್ಟು. ತುಂಡು 16 ಅಂಗುಲದ್ದಾದರೆ ಕಾರ್ಡಿನ ಮೂರನೇ ಒಂದು ಪಾಲು. ಮಾತಿನಲ್ಲಿ 'ಕಾರ್ಡ್' ಎಂದಷ್ಟೇ ಹೇಳಿ ಫೇಸ್ ಕಾರ್ಡ್ ಇಳಿಸಿ ಹೋದರೆ ಮೋಸ ಗೊತ್ತಾಗುವುದು ಚಳಿಗಾಲದ ನಡುವೆ. ಫ್ರಾನ್ಸಿನವರು 1795ರಲ್ಲಿ ಮೆಟ್ರಿಕ್ ಪದ್ಧತಿ ತಂದಾಗ ಉದ್ದಕ್ಕೆ ಮೀಟರ್, ತೂಕಕ್ಕೆ ಗ್ರಾಮ್ ಇಟ್ಟ ಹಾಗೆಯೇ ಸೌದೆಗೆಂದು ಸ್ಟೆರ್ ಎಂಬ ಅಳತೆಯನ್ನು ಇಟ್ಟರು, ಒಂದು ಘನ ಮೀಟರ್. ಸೌದೆಯ ಅಳತೆಗೆ ಅಷ್ಟೊಂದು ಮರ್ಯಾದೆ ಕೊಟ್ಟಿದ್ದರು ಎಂದರೆ ಅದರ ಹೆಸರಿನಲ್ಲಿ ಎಷ್ಟು ತಕರಾರುಗಳು ನಡೆದಿರಬೇಕು!

ಜರ್ಮನಿಯವರು ಒಂದು ಘನ ಮೀಟರನ್ನೇ ಮೂರು ಬಗೆಯಾಗಿ ಒಡೆದಿದ್ದಾರೆ: ಸಂದೇ ಇಲ್ಲದ ಗಟ್ಟಿ ಮರದ್ದು, ಸಾಲಾಗಿ ಒಟ್ಟಿದ್ದು, ಲಾರಿಯಿಂದ ಸುಮ್ಮನೆ ಸುರಿದದ್ದು. ಒಂದು ಘನ ಮೀಟರ್ ಗಟ್ಟಿ ಮರವನ್ನು ಸೀಳಿ ಒಟ್ಟಿದರೆ ಸುಮಾರು 1.4 ಘನ ಮೀಟರ್ ಜಾಗ ಹಿಡಿಯುತ್ತದೆ, ಸುಮ್ಮನೆ ಸುರಿದರೆ 2 ಅಥವಾ ಅದಕ್ಕೂ ಹೆಚ್ಚು. ಅಂದರೆ ಸುರಿದ ರಾಶಿಯಲ್ಲಿ ಅರ್ಧ ಗಾಳಿ. ಆದ್ದರಿಂದ ಬೆಲೆ ಕೇಳುವ ಮುಂಚೆ "ಒಟ್ಟಿದ ಅಳತೆಯೋ, ಸುರಿದ ಅಳತೆಯೋ?" ಎಂದು ಕೇಳಬೇಕು, ತುಂಡಿನ ಉದ್ದವನ್ನೂ ಕೇಳಬೇಕು. ಒಂದು ಮೀಟರ್ ಉದ್ದದ ಸೀಳುಗಳ ಒಟ್ಟಿಲನ್ನು ಮೂರು ಮೂರು ತುಂಡು ಮಾಡಿ ಮತ್ತೆ ಒಟ್ಟಿದರೆ ಒಟ್ಟಿಲು ಸಣ್ಣದಾಗುತ್ತದೆ. ಯಾರೂ ಕದ್ದಿರುವುದಿಲ್ಲ, ಸಂದು ಕಡಿಮೆಯಾಗಿರುತ್ತದೆ.

ಜಾತಿಯ ವಿಷಯದಲ್ಲಿ ನಾನು ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಒಂದೇ ಮಟ್ಟಕ್ಕೆ ಒಣಗಿದ ಮರಗಳು ಕಿಲೋಗೆ ಕಿಲೋ ಹೆಚ್ಚುಕಡಿಮೆ ಒಂದೇ ಶಾಖ ಕೊಡುತ್ತವೆ. ಅಳತೆಗೆ ಕೊಂಡಾಗ ಮಾತ್ರ ವ್ಯತ್ಯಾಸ. ಪಾಪ್ಲರ್ ಒಟ್ಟಿಲಿನಲ್ಲಿ ಅಷ್ಟೇ ಗಾತ್ರದ ಬೀಚ್ ಅಥವಾ ಓಕ್ ಒಟ್ಟಿಲಿನ ಮೂರನೇ ಎರಡು ಪಾಲು ಶಾಖ ಸಿಕ್ಕರೆ ಹೆಚ್ಚು. ಓಕ್, ಜಾಲಿಯಂಥ ಗಟ್ಟಿ ಮರದ ಕೆಂಡ ರಾತ್ರಿಯಿಡೀ ಉಳಿಯುತ್ತದೆ, ಆದರೆ ಓಕ್ ಒಣಗಲು ಎರಡು ವರ್ಷವಾದರೂ ಬೇಕು. ಪೈನ್ ಮರ ಉರಿಸಿದರೆ ಚಿಮಣಿ ಕೆಡುತ್ತದೆ ಎಂಬ ಮಾತು ಹಳೆಯದು, ಅದಕ್ಕೆ ಆಧಾರ ಕಡಿಮೆ. ಚಿಮಣಿ ಕೆಡಿಸುವುದು ಹಸಿ ಸೌದೆ ಮತ್ತು ಗಾಳಿ ಬಿಗಿಹಿಡಿದು ಮಂದವಾಗಿ ಉರಿಸುವ ಅಭ್ಯಾಸ, ಮರದ ಜಾತಿಯಲ್ಲ. ಉರಿಸಲೇಬಾರದ ಪಟ್ಟಿ ಬೇರೆ ಇದೆ: ಕಣಗಿಲೆ ಗಿಡದ ಕಟ್ಟಿಗೆಯ ಹೊಗೆ ವಿಷ. ಬಣ್ಣ ಬಳಿದದ್ದು, ಪ್ಲೈವುಡ್ಡು, ಔಷಧಿ ಹೊಡೆದ ಹಳೆಯ ಬೇಲಿಕಂಬ, ಇವೂ ಅಷ್ಟೇ. ಔಷಧಿಯಲ್ಲಿ ಆರ್ಸೆನಿಕ್ ಇದ್ದರೆ ಅದರ ಬೂದಿಯೂ ವಿಷವೇ. ಸರಕು ಸಾಗಣೆಗೆ ಅಡಿಗಿಡುವ ಪ್ಯಾಲೆಟ್ಟುಗಳ, ಅಂದರೆ ಮರದ ಚೌಕಟ್ಟುಗಳ ಮೇಲೆ ಮುದ್ರೆ ಇರುತ್ತದೆ. ಎಚ್‌ಟಿ ಎಂದಿದ್ದರೆ ಶಾಖ ಕೊಟ್ಟದ್ದು, ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದು. ಎರಡನೆಯದು ಒಲೆಯ ಹತ್ತಿರ ಬರಬಾರದು.

ಕೊಳ್ಳುವಾಗ ನಾವು ಬೈದುಕೊಂಡ ಗಾಳಿಯೇ ಸೌದೆ ಮನೆಗೆ ಬಂದ ಮೇಲೆ ನಮ್ಮ ಕೂಲಿಯಾಳು. ಒಟ್ಟುವ ಕೆಲಸದ ಗುಟ್ಟೆಲ್ಲ ಅದಕ್ಕೆ ಓಡಾಡಲು ದಾರಿ ಬಿಡುವುದರಲ್ಲಿದೆ. ಮರದೊಳಗಿನ ನೀರು ಎಳೆಯ ಉದ್ದಕ್ಕೆ, ತುದಿಯ ಮೂಲಕ ಬೇಗ ಹೊರಡುತ್ತದೆ. ಪಕ್ಕದಿಂದ ಹೊರಡಲು ಅದರ ಹತ್ತು ಪಟ್ಟಿಗಿಂತ ಹೆಚ್ಚು ಹೊತ್ತು ಬೇಕು. ತೊಗಟೆಯಂತೂ ನೀರನ್ನು ಬಿಟ್ಟುಕೊಡುವುದೇ ಇಲ್ಲ. ಬರ್ಚ್ ಮರದ ತೊಗಟೆಯಲ್ಲಿ ದೋಣಿ ಕಟ್ಟುತ್ತಿದ್ದರು ಎಂದ ಮೇಲೆ ಅದು ನೀರನ್ನು ಹೇಗೆ ತಡೆಯುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಸೀಳದೆ ಬಿಟ್ಟ ಬರ್ಚ್ ದಿಮ್ಮಿ ತೊಗಟೆಯೊಳಗೇ ಕೊಳೆಯುತ್ತದೆ, ಹೊರಗಿನಿಂದ ಮಾತ್ರ ಲಕ್ಷಣವಾಗಿರುತ್ತದೆ. ಹಾಗಾಗಿ ಉದ್ದ ಕಡಿಮೆ ಮಾಡಬೇಕು, ಸೀಳಬೇಕು, ತುದಿಗಳು ಗಾಳಿ ಬೀಸುವ ಕಡೆಗೆ ಬರುವಂತೆ ಒಟ್ಟಬೇಕು.

ಒಟ್ಟಿಲು ನೆಲ ಮುಟ್ಟಬಾರದು. ಅಡಿಗೆ ಪ್ಯಾಲೆಟ್ಟೋ, ಎರಡು ಸಾಲು ಕಲ್ಲಿನ ಮೇಲೆ ಅಡ್ಡ ಬೊಂಬೋ ಇಟ್ಟು ಒಂದು ಗೇಣಾದರೂ ಎತ್ತರಿಸಬೇಕು, ಇಲ್ಲದಿದ್ದರೆ ಕೆಳಗಿನ ಸಾಲು ನೆಲದ ನೀರು ಹೀರುತ್ತದೆ, ಆಮೇಲೆ ಗೆದ್ದಲಿಗೆ ಬಾಗಿಲು ತೆರೆದ ಹಾಗೆ. ಸಾಲು ಜಾರದಂತೆ ಎರಡೂ ಕೊನೆಗಳಲ್ಲಿ ತುಂಡುಗಳನ್ನು ಅಡ್ಡಡ್ಡ, ಉದ್ದುದ್ದ ಜೋಡಿಸಿ ಕಂಬದಂತೆ ಎಬ್ಬಿಸುತ್ತಾರೆ. ಈ ಕೊನೆಗಳಿಗೆ ಚಪ್ಪಟೆ ಮೈಯ, ನೆಟ್ಟಗಿನ ತುಂಡುಗಳನ್ನೇ ಆರಿಸಿ ಎತ್ತಿಡುವುದು ಒಳ್ಳೆಯದು. ಗಂಟಿರುವ ಸೊಟ್ಟ ತುಂಡುಗಳು ಎಲ್ಲಿ ಕೂತರೂ ಪಕ್ಕದವನ್ನು ನೂಕುತ್ತವೆ. ಒಂದರ ಹಿಂದೆ ಒಂದು ಸಾಲು ಒತ್ತೊತ್ತಾಗಿ ನಿಲ್ಲಿಸಿದರೆ ಒಳಗಿನವು ಒಣಗುವುದಿಲ್ಲ, ನಡುವೆ ಕೈ ತೂರುವಷ್ಟಾದರೂ ಸಂದು ಬೇಕು.

ಮುಚ್ಚುವ ವಿಷಯದಲ್ಲಿ ನನ್ನದು ಕಟ್ಟುನಿಟ್ಟು. ಟಾರ್ಪಾಲಿನಿಂದ ನೆಲದವರೆಗೆ ಸುತ್ತಿಟ್ಟ ಒಟ್ಟಿಲು ಕಂಡರೆ ನನಗೆ ಸುಮ್ಮನಿರಲಾಗುವುದಿಲ್ಲ. ಹೊರಗಿನ ಮಳೆಯನ್ನು ತಡೆಯುವುದಕ್ಕಿಂತ ಹೆಚ್ಚಾಗಿ ಅದು ಒಳಗಿನ ಆವಿಯನ್ನು ಹಿಡಿದಿಡುತ್ತದೆ. ಬೆಳಿಗ್ಗೆ ಅದರ ಮಗ್ಗುಲನ್ನು ಎತ್ತಿ ಒಳಮೈ ಸವರಿದರೆ ಕೈ ಒದ್ದೆಯಾಗುತ್ತದೆ. ಆ ನೀರು ಬಂದದ್ದು ಸೌದೆಯಿಂದ, ವಾಪಸ್ಸು ತೊಟ್ಟಿಕ್ಕುವುದೂ ಸೌದೆಯ ಮೇಲೆಯೇ. ಮೇಲೆ ಮಾತ್ರ ತಗಡೋ ಹಲಗೆಯೋ ಹಾಕಿ ಮುಂಚಾಚು ಬಿಟ್ಟು, ಮಗ್ಗುಲುಗಳನ್ನು ತೆರೆದಿಡಬೇಕು. ಪಕ್ಕದಿಂದ ಬೀಸುವ ಮಳೆ ಒಣ ಸೌದೆಯ ಹೊರಮೈಯನ್ನಷ್ಟೇ ನೆನೆಸುತ್ತದೆ, ಗಾಳಿ ಆಡಿದರೆ ಬೇಗ ಆರಿಹೋಗುತ್ತದೆ. ದುಂಡಗೆ ಗೋಪುರದಂತೆ ಒಟ್ಟುವ ಜರ್ಮನ್ ಪದ್ಧತಿ ನೋಡಲು ಸೊಗಸು. ಬೇಗ ಒಣಗುತ್ತದೆ ಎಂದು ಹೊಗಳುವವರೂ ಇದ್ದಾರೆ. ನಡುವೆ ಸುರಿದ ತುಂಡುಗಳಿಗೆ ಎತ್ತಲಿಂದ ಗಾಳಿ ಬರುತ್ತದೆ ಎಂದು ಕೇಳಿದರೆ ಅವರ ಉತ್ತರ ನನಗೆ ಹಿಡಿಸುವುದಿಲ್ಲ. ಅಂಗಳಕ್ಕೆ ಅಂದವಾಗಿರಲಿ ಎಂದು ಒಟ್ಟಿದರೆ ಬೇಡ ಅನ್ನಲಾರೆ.

ಒಟ್ಟಿಲನ್ನು ಮನೆಯ ಗೋಡೆಗೆ ಆನಿಸಬಾರದು. ಗೆದ್ದಲಿನ ಮಾತು ಹೇಳಿದೆ, ಇಲಿ ಹೆಗ್ಗಣಗಳಿಗೂ ಅದು ಒಳ್ಳೆಯ ಬಿಡಾರ. ಕಾಡ್ಗಿಚ್ಚಿನ ಭಯವಿರುವ ಕಡೆ ಮನೆಯಿಂದ 30 ಅಡಿ ದೂರವಿಡಿ ಎಂದು ಅಗ್ನಿ ಸುರಕ್ಷತೆಯವರು ಹೇಳುತ್ತಾರೆ. ಮಳೆಯಲ್ಲಿ ಹೊರಗೆ ಹೋಗಿ ಸೌದೆ ತರುವವರಿಗೆ ಅದು ದೂರವೇ, ಆದರೂ ಮಾತು ಸರಿಯಾದದ್ದು. ವಾರಕ್ಕೆ ಬೇಕಾದಷ್ಟನ್ನು ಜಗಲಿಗೆ ತಂದಿಟ್ಟುಕೊಂಡರಾಯಿತು.

ದೂರದ ಸೌದೆ ಅಗ್ಗವಾಗಿ ಸಿಕ್ಕರೂ ನಾನು ಒಲ್ಲೆ. ಎಮರಾಲ್ಡ್ ಆಶ್ ಬೋರರ್ ಎಂಬ ಹಸಿರು ಮಿಂಚಿನ ಪುಟ್ಟ ದುಂಬಿ ಏಷ್ಯಾದಿಂದ ಹೋಗಿ 2002ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಪತ್ತೆಯಾಯಿತು. ಆಮೇಲೆ ಕೋಟಿಗಟ್ಟಲೆ ಆಶ್ ಮರಗಳನ್ನು ತಿಂದುಹಾಕಿತು. ಅದರ ಮರಿಹುಳು ತೊಗಟೆಯಡಿ ಅಂಕುಡೊಂಕು ಸುರಂಗ ಕೊರೆದು ಮರದ ಆಹಾರದ ದಾರಿಯನ್ನೇ ಕತ್ತರಿಸುತ್ತದೆ. ದುಂಬಿ ತಾನೇ ಹಾರಿ ಹೋಗುವುದು ವರ್ಷಕ್ಕೆ ಕೆಲವೇ ಮೈಲಿ. ದೂರ ದೂರದ ಊರುಗಳಿಗೆ ಅದನ್ನು ಮುಟ್ಟಿಸಿದ್ದು ಕಾರಿನ ಡಿಕ್ಕಿಯಲ್ಲಿ ಹೋದ ಸೌದೆ. ಒಣಗಿದ ಮಾತ್ರಕ್ಕೆ ಹುಳು ಸತ್ತಿರುತ್ತದೆ ಎನ್ನುವಂತಿಲ್ಲ. ಅಮೆರಿಕದ ಕೃಷಿ ಇಲಾಖೆಯ ಲೆಕ್ಕದಲ್ಲಿ ಸೌದೆಯ ತಿರುಳು 60 ಡಿಗ್ರಿ ಸೆಲ್ಸಿಯಸ್‌ಗೆ ಕಾದು 60 ನಿಮಿಷ ಹಾಗೆಯೇ ಇದ್ದರೆ ಮಾತ್ರ ಅದು ನಿರಪಾಯ.

ಒಟ್ಟುವಾಗ ತೊಗಟೆ ಮೇಲಕ್ಕಿರಬೇಕೋ ಕೆಳಕ್ಕಿರಬೇಕೋ ಎಂಬ ಜಗಳವೊಂದು ಉಳಿದಿದೆ. 2013ರ ಫೆಬ್ರುವರಿಯಲ್ಲಿ ನಾರ್ವೆಯ ಸರಕಾರಿ ವಾಹಿನಿ ಎನ್‌ಆರ್‌ಕೆ ಸೌದೆಯ ಬಗ್ಗೆಯೇ 12 ಗಂಟೆಗಳ ಕಾರ್ಯಕ್ರಮ ಪ್ರಸಾರ ಮಾಡಿತು. ಅದರಲ್ಲಿ 8 ಗಂಟೆ ಬರೀ ಉರಿಯುವ ಬೆಂಕಿ. ದೂರು ಕೊಟ್ಟವರಲ್ಲಿ ಅರ್ಧ ಜನ ತೊಗಟೆ ಮೇಲಾಗಿದೆ ಎಂದು ರೇಗಿದರಂತೆ, ಇನ್ನರ್ಧ ಜನ ಕೆಳಗಾಗಿದೆ ಎಂದು. ಮೇಲೆ ಮುಚ್ಚಿಗೆಯಿಲ್ಲದ ಒಟ್ಟಿಲಾದರೆ ಮೇಲಿನ ಸಾಲಿನ ತೊಗಟೆ ಆಕಾಶ ನೋಡಲಿ, ನೀರು ಜಾರಿಹೋಗುತ್ತದೆ. ಮಿಕ್ಕ ಸಾಲುಗಳಲ್ಲಿ ಹೇಗೆ ಕೂತರೆ ಗಟ್ಟಿಯೋ ಹಾಗೆ.

ಇದೆಲ್ಲ ವಸಂತದಲ್ಲಿ ಕೊಳ್ಳುವವರ ಮಾತಾಯಿತು. ಆಗ ಮಾರುವವರಿಗೂ ಪುರುಸೊತ್ತಿರುತ್ತದೆ, ನಮಗೂ ಆರಿಸಲು ಅವಕಾಶವಿರುತ್ತದೆ, ಮುಂದೆ ಇಡೀ ಬೇಸಿಗೆ ಇರುತ್ತದೆ. ಚಳಿ ಹೊಸ್ತಿಲಿಗೆ ಬಂದಿದೆ, ಅಂಗಳದಲ್ಲಿ ಅರೆಹಸಿ ಸೌದೆಯ ರಾಶಿ ಬಿದ್ದಿದೆ ಎನ್ನುವವರು ಏನು ಮಾಡಬೇಕು? ದಪ್ಪ ತುಂಡುಗಳನ್ನು ಮಣಿಕಟ್ಟಿನಷ್ಟು ಸಣ್ಣಗೆ ಸೀಳಿ. ಒಲೆ ಉರಿಯುವ ಕೋಣೆಯ ಗಾಳಿ ಬಹಳ ಒಣಗಿರುತ್ತದೆ, ಅಷ್ಟು ಸಣ್ಣ ಸೀಳುಗಳು ಅಲ್ಲಿ ಕೆಲವು ವಾರಗಳಲ್ಲಿ ಹದಕ್ಕೆ ಬರುತ್ತವೆ. ಒಲೆಯಿಂದ ಒಂದು ಮೀಟರ್ ದೂರವಂತೂ ಇರಲೇಬೇಕು. ಒಲೆಗೆ ಆನಿಸಿಟ್ಟ ಸೌದೆ ಒಲೆಯ ಹೊರಗೇ ಹೊತ್ತಿಕೊಂಡ ಉದಾಹರಣೆಗಳಿವೆ. ಬಿಸಿ ಗಾಳಿಯ ಗೂಡಿನಲ್ಲಿ ಒಣಗಿಸಿ ಮಾರುವ ಸೌದೆಯನ್ನೋ, ಮರದ ಹೊಟ್ಟು ಒತ್ತಿ ಮಾಡಿದ ಇಟ್ಟಿಗೆಗಳನ್ನೋ ಸ್ವಲ್ಪ ಕೊಂಡು, ಬೆಂಕಿ ಚೆನ್ನಾಗಿ ಎದ್ದ ಮೇಲೆ ನಿಮ್ಮ ಸೌದೆಯನ್ನು ಒಂದೊಂದಾಗಿ ಜೊತೆಗೆ ಹಾಕಿ. ಒಲೆಗೆ ಗಾಳಿ ಬಿಡುವ ಬಾಗಿಲನ್ನು ಬಿಗಿ ಮಾಡಬೇಡಿ, ಸೌದೆ ಬೇಗ ಮುಗಿದರೂ ಚಿಂತೆಯಿಲ್ಲ. ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ತುಂಬಿದರೆ ಕೂಗುವ ಅಲಾರಮ್ಮಿನ ಬ್ಯಾಟರಿ ನೋಡಿಕೊಳ್ಳಿ. ಚಿಮಣಿ ಗುಡಿಸುವವರನ್ನು ಚಳಿಗಾಲ ಮುಗಿಯುವವರೆಗೆ ಕಾಯದೆ ನಡುವೆಯೇ ಒಮ್ಮೆ ಕರೆಸಿ, ಕೊಳವೆಯಿಂದ ಏನು ಉದುರಿತು ಎಂದು ಪಕ್ಕದಲ್ಲೇ ನಿಂತು ನೋಡಿ. ಒಣ ಪುಡಿಯಾಗಿ ಉದುರಿದರೆ ಹೀಗೇ ಮುಂದುವರಿಸಬಹುದು. ಹೊಳೆಯುವ ಚಕ್ಕೆಗಳು ಬಿದ್ದರೆ ಆ ರಾಶಿಯನ್ನು ಮುಂದಿನ ವರ್ಷಕ್ಕೆಂದು ಒಟ್ಟಿಬಿಡಿ.